ಹಚ್ಚೆಯಲ್ಲದ ಚುಕ್ಕೆಗಳು

ನನ್ನ ಗಂಟಲ ಗುಳಿಯಿಂದ ನಾಲ್ಕು ಬೆರಳು ಕೆಳಗೆ, ಎದೆಯ ನಟ್ಟನಡುವೆ, ಸಾಸಿವೆಕಾಳಿಗಿಂತ ಸಣ್ಣದಾದ ಒಂದು ನೀಲಿ ಚುಕ್ಕೆ ಇದೆ. ಅಂಥವೇ ಇನ್ನೆರಡು ಎಡಬಲದ ಪಕ್ಕೆಗಳ ಮೇಲಿವೆ. ಎಷ್ಟು ಉಜ್ಜಿದರೂ ಹೋಗುವುದಿಲ್ಲ.

ಲಿಂಗಸುಗೂರಿನ ಆಸ್ಪತ್ರೆಯೊಂದರಲ್ಲಿ ಇಸಿಜಿ ತೆಗೆಯುವಾಕೆ ನನ್ನ ಎದೆಗೆ ತಣ್ಣನೆಯ ಜೆಲ್ಲಿ ಹಚ್ಚುತ್ತ, ನಡುವಿನ ಚುಕ್ಕೆಯನ್ನು ಬೆರಳಿನಿಂದ ಒರೆಸಿ ನೋಡಿದಳು.

"ಹಚ್ಚಿ ಏನ್ರೀ ಇದು? ಇಷ್ಟ ಸಣ್ಣದು ಯಾಕ ಹಾಕ್ಸೀರಿ?"

ನನ್ನ ದವಡೆ ನೋವಿನಿಂದ ಬಿಗಿದುಕೊಂಡಿತ್ತು. ನಾನು ಬಾಯಿ ತೆರೆಯುವ ಮೊದಲೇ, ಸುದ್ದಿ ತಿಳಿದು ಮಸ್ಕಿಯಿಂದ ಆಗಷ್ಟೇ ಬಂದು ಪರದೆಯ ಆಚೆ ನಿಂತಿದ್ದ ಅವ್ವ ಉತ್ತರ ಕೊಟ್ಟಳು: "ಹೂನ್ರೀ, ಹಚ್ಚಿ. ಸಣ್ಣಾಕಿದ್ದಾಗ ಹಾಕ್ಸಿದ್ದು."

ಆಕೆ ನಂಬಿದಳು. ನಂಬದಿರಲು ಕಾರಣವೂ ಇರಲಿಲ್ಲ. ಅವ್ವನ ಗದ್ದದ ಮೇಲೆ ಮೂರು ಚುಕ್ಕೆಗಳಿವೆ. ಇಸಿಜಿಯಾಕೆಯ ಮುಂಗೈ ಮೇಲೂ ಒಂದು ಸಾಲು ಇತ್ತು. ನಮ್ಮ ಕಡೆ ಹೆಂಗಸಿನ ಮೈಮೇಲೆ ನೀಲಿ ಚುಕ್ಕೆ ಕಂಡರೆ ಯಾರೂ ಎರಡನೆಯ ಪ್ರಶ್ನೆ ಕೇಳುವುದಿಲ್ಲ.

ಅದು ಹಚ್ಚೆಯಲ್ಲ. ನನಗೆ ಹದಿನಾಲ್ಕು ವರ್ಷವಾಗಿದ್ದಾಗ ಕುತ್ತಿಗೆಯಲ್ಲಿ ಗಂಟು ಕಾಣಿಸಿಕೊಂಡಿತು. ಹೈದರಾಬಾದಿನ ಆಸ್ಪತ್ರೆಯೊಂದರಲ್ಲಿ ತಿಂಗಳುಗಟ್ಟಲೆ ಔಷಧಿ ಏರಿಸಿ, ಆಮೇಲೆ ಎದೆಗೆ ವಿಕಿರಣ ಚಿಕಿತ್ಸೆ ಕೊಟ್ಟರು. ನಮ್ಮ ಜನ ಅದನ್ನು 'ಕರೆಂಟ್ ಕೊಡೋದು' ಅನ್ನುತ್ತಾರೆ. ಪ್ರತಿದಿನವೂ ಕರೆಂಟು ಅದೇ ಜಾಗಕ್ಕೆ ಬೀಳಬೇಕು. ಅದಕ್ಕಾಗಿ ಸೂಜಿಯಿಂದ ಮಸಿ ಚುಚ್ಚಿ ಇಟ್ಟ ಗುರುತುಗಳು ಇವು. ನಾನು ಉಳಿದೆ. ಓದಿದೆ, ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದೆ, ಲಿಂಗಸುಗೂರಿನ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾದೆ. ಮಸ್ಕಿಯಿಂದ ದಿನವೂ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಅದು ಕ್ಯಾನ್ಸರ್ ಎಂಬುದು ನನಗೆ ಗೊತ್ತಿತ್ತು. ಆಸ್ಪತ್ರೆಯ ಬೋರ್ಡು ಓದಲು ಬರುವಷ್ಟು ದೊಡ್ಡವಳಿದ್ದೆ. ಆದರೆ ಯಾವ ಬಗೆಯದು, ಏನೇನು ಕೊಟ್ಟರು, ಎಷ್ಟು ಕೊಟ್ಟರು ಎಂದು ಯಾರೂ ನನಗೆ ಹೇಳಿರಲಿಲ್ಲ. ನಾನು ಕೇಳಿದಾಗಲೆಲ್ಲ ಅವ್ವ ಎದ್ದು ಒಳಗೆ ಹೋಗುತ್ತಿದ್ದಳು. ಟಿವಿಯಲ್ಲಿ ಆ ಶಬ್ದ ಬಂದರೆ ಚಾನೆಲ್ಲು ಬದಲಾಗುತ್ತಿತ್ತು. ಮದುವೆಯ ಮಾತುಕತೆಗಾಗಿ ಮುಚ್ಚಿಡುತ್ತಿದ್ದಾಳೆ ಎಂದುಕೊಂಡಿದ್ದೆ. ಅದು ನನಗೆ ಸಿಟ್ಟು ತರಿಸುತ್ತಿತ್ತು, ಆದರೆ ಆಶ್ಚರ್ಯವೇನೂ ಆಗುತ್ತಿರಲಿಲ್ಲ.

ನೋವು ಶುರುವಾದದ್ದು ಎದೆಯಲ್ಲಿ ಅಲ್ಲ, ದವಡೆಯಲ್ಲಿ. ಕಾಲೇಜಿನ ಪ್ರಯೋಗಾಲಯ ಮಹಡಿಯ ಮೇಲಿದೆ. ಮೆಟ್ಟಿಲು ಹತ್ತಿದರೆ ಕೆಳದವಡೆ ಭಾರವಾಗುತ್ತಿತ್ತು, ನಿಂತರೆ ಹೋಗುತ್ತಿತ್ತು. ಹಲ್ಲಿನ ವೈದ್ಯರ ಹತ್ತಿರ ಹೋದೆ. ಅವರು ಯಾವ ತಪ್ಪೂ ಮಾಡದ ಒಂದು ಹಲ್ಲನ್ನು ಶುಚಿ ಮಾಡಿ ಕಳಿಸಿದರು. ನೋವು ಉಳಿಯಿತು. ಆಮೇಲೆ ಸಿಂಧನೂರಿನ ಕ್ಲಿನಿಕ್ಕು.

ಅಲ್ಲಿ ಕಾಯುವ ಜಾಗವೆಂದರೆ ಒಂದು ಉದ್ದನೆಯ ಕಟ್ಟೆ, ತಗಡಿನ ನೆರಳು. ಅಪ್ಪ-ಅವ್ವ ಇಬ್ಬರೂ ಬಂದಿದ್ದರು. ಅಪ್ಪ ಹಟ್ಟಿ ಚಿನ್ನದ ಗಣಿಯಲ್ಲಿ ಶಿಫ್ಟು ಮಾಡಿ ನಿವೃತ್ತನಾದವನು. ಅವನ ಎದೆಯಲ್ಲಿ ಆಗಲೇ ಒಂದು ಸ್ಟೆಂಟು ಕೂತು ಕೆಲವು ವರ್ಷವಾಗಿತ್ತು. ಅದನ್ನು ಅವನು 'ನನ್ನ ಸ್ಪ್ರಿಂಗು' ಅನ್ನುತ್ತಾನೆ, ಹೊಸ ಗಾಡಿ ಕೊಂಡವರು 'ನನ್ನ ಗಾಡಿ' ಅನ್ನುವ ಹಾಗೆ. ನನ್ನ ಸರದಿ ಬಂದಾಗ ಕಾಂಪೌಂಡರ್ ನೇರ ಅಪ್ಪನ ಹತ್ತಿರ ಬಂದು ಅವನ ತೋಳು ಮೇಲೇರಿಸಿ ಬಿಪಿ ಪಟ್ಟಿ ಸುತ್ತಿದ.

"ನಂದಲ್ಲಪಾ," ಎಂದ ಅಪ್ಪ. "ನಂದು ಆಗಿ ಮುಗದೈತಿ. ಈಕಿದು."

ಕಾಂಪೌಂಡರ್ ನನ್ನನ್ನು ನೋಡಿ ನಕ್ಕ. ತಮಾಷೆ ಎಂದುಕೊಂಡಿದ್ದ. ಮುಂದೆ ಎಲ್ಲ ಆಸ್ಪತ್ರೆಗಳಲ್ಲೂ ಹೀಗೇ ಆಯಿತು. ನಾನು ಅಪ್ಪನ ಜೊತೆ ಬಂದ ಮಗಳು. ನನ್ನ ಕೈಯಲ್ಲಿರುವ ಚೀಟಿ ಅಪ್ಪನದು. ಒಂದು ಕಡೆ ಗಾಲಿ ಕುರ್ಚಿಯನ್ನು ನನ್ನ ಕೈಗೆ ಕೊಟ್ಟು, "ಅವರನ್ನ ಕುಂದ್ರಿಸಿ ತಳ್ಕೊಂಡು ಬರ್ರಿ" ಎಂದರು.

ಆ ಕ್ಲಿನಿಕ್ಕಿನ ವೈದ್ಯರಿಗೆ ನಾನು ಎಲ್ಲವನ್ನೂ ಕ್ರಮವಾಗಿ ಹೇಳಿದೆ. ನೋವು ಎಲ್ಲಿ, ಯಾವಾಗ, ಏನು ಮಾಡಿದರೆ ಹೋಗುತ್ತದೆ. ಕೊನೆಗೆ, "ಸಣ್ಣವಳಿದ್ದಾಗ ಎದೆಗೆ ರೇಡಿಯೇಷನ್ ಕೊಟ್ಟಿದ್ದರು" ಎಂದೆ.

"ಯಾತಕ್ಕ?"

"ಗಂಟಾಗಿತ್ರೀ ಕುತ್ತಿಗ್ಯಾಗ," ಎಂದಳು ಅವ್ವ. "ಆರಾಮಾತು. ಅದು ಮುಗದ ಹೋದ ಮಾತು."

"ಟಿಬಿ ಗಂಟು ಇರಬೇಕು."

"ಟಿಬಿ ಅಲ್ಲ," ಎಂದೆ ನಾನು.

"ಅದೇನರ ಇರಲಿ ಬಿಡಮ್ಮ, ಹಳೇದು. ಊಟ ಹೊತ್ತಿಗೆ ಸರಿಯಾಗಿ ಮಾಡ್ತೀಯೇನು? ಮದುವಿ ಆಗೇತೇನು?"

ಗ್ಯಾಸಿನ ಗುಳಿಗೆ ಬರೆದರು, ರಕ್ತ ಹೆಚ್ಚಾಗಲು ಟಾನಿಕ್ಕು ಬರೆದರು. ಇಸಿಜಿ ಸರಿಯಾಗಿಯೇ ಇತ್ತು. ಕೂತಿದ್ದಾಗ ನನ್ನ ಹೃದಯ ಯಾವಾಗಲೂ ಸರಿಯಾಗಿಯೇ ಇರುತ್ತಿತ್ತು.

ಒಂದು ದಿನ ಪ್ರಯೋಗಾಲಯದಲ್ಲಿ ವಿದ್ಯಾರ್ಥಿನಿಯರಿಗೆ ಬ್ಯುರೆಟ್ ಓದುವುದನ್ನು ತೋರಿಸುತ್ತಿದ್ದೆ. ಬೆವರು ಬಂತು, ದವಡೆಯ ಭಾರ ಎಡಗೈಗೆ ಇಳಿಯಿತು, ಈ ಸಲ ನಿಂತರೂ ಹೋಗಲಿಲ್ಲ. ಸಹೋದ್ಯೋಗಿಗಳು ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಒಯ್ದರು. ಮೊದಲ ಇಸಿಜಿ ಅನುಮಾನದ್ದಿತ್ತು. ಎರಡನೆಯದನ್ನು ತೆಗೆಯುವಾಗಲೇ ಆ ಹಚ್ಚೆಯ ಮಾತು ಬಂದದ್ದು. ಅಲ್ಲಿಂದ ಆಂಬುಲೆನ್ಸಿನಲ್ಲಿ ರಾಯಚೂರು. ಹೃದಯದ ಮುಖ್ಯ ನಾಳವೊಂದು ಬಹಳ ಸಣ್ಣದಾಗಿದೆ ಎಂದು ಆಂಜಿಯೋಪ್ಲಾಸ್ಟಿ ಮಾಡಿ ಸ್ಟೆಂಟು ಹಾಕಿದರು. ಹೊರಗೆ ಬಂದ ವೈದ್ಯರು ಅಪ್ಪನನ್ನು ಕೇಳಿದರಂತೆ: "ಸಕ್ಕರೆ ಕಾಯಿಲೆ ಇಲ್ಲ, ಬಿಪಿ ಇಲ್ಲ, ತಂಬಾಕಿಲ್ಲ. ಮನೆಯಲ್ಲಿ ಯಾರಿಗಾದರೂ ಹೃದಯದ ತೊಂದರೆ ಇದೆಯೇ?"

"ನನಗೈತ್ರೀ," ಎಂದನಂತೆ ಅಪ್ಪ.

ಅಲ್ಲಿಗೆ ಅವರ ಹುಡುಕಾಟ ನಿಂತಿತು. ವಂಶದಿಂದ ಬಂದದ್ದು ಎಂದು ಬರೆದುಕೊಂಡರು. ಅಪ್ಪನ ಎದೆಯೊಳಗೆ ಆ ಮಾತು ಕೂತುಬಿಟ್ಟಿತು.

ಮನೆಗೆ ಬಂದ ಮೇಲೆ ಮಾತಾಡಿಸಲು ಜನ ಬರತೊಡಗಿದರು. ನಮ್ಮಲ್ಲಿ ಆಸ್ಪತ್ರೆಯಿಂದ ಬಂದವರನ್ನು ನೋಡಲು ಹೋಗದಿದ್ದರೆ ಅದು ಜಗಳಕ್ಕೆ ಸಮ. ಬ್ರೆಡ್ಡು, ಬಾಳೆಹಣ್ಣು, ಎಳನೀರು ಮೂಲೆಯಲ್ಲಿ ರಾಶಿಯಾದವು. ಒಬ್ಬೊಬ್ಬರೂ ಒಂದೊಂದು ಕಾರಣ ಹೇಳುತ್ತಿದ್ದರು. ಮೊಬೈಲು, ಹೊರಗಿನ ಊಟ, ಬಸ್ಸಿನ ಕುಲುಕಾಟ, ಹೆಣ್ಣುಮಕ್ಕಳು ಬಹಳ ಓದುವುದು. ನಾನು ಗೋಡೆಗೆ ಒರಗಿ ಕೇಳುತ್ತಿದ್ದೆ. ನನ್ನ ರೋಗದ ಬಗ್ಗೆ ನನ್ನನ್ನು ಬಿಟ್ಟು ಎಲ್ಲರಿಗೂ ಅಭಿಪ್ರಾಯವಿತ್ತು.

ಗೊರೇಬಾಳದಿಂದ ದೊಡ್ಡವ್ವ ಬಂದಳು. ಅವ್ವನ ಅಕ್ಕ. ಅವಳ ಬಾಯಿಗೆ ತಡೆಯಿಲ್ಲ.

"ಛಲೋ ಆತಲ್ಲಬೇ," ಎಂದಳು ನನ್ನ ಹಾಸಿಗೆಯ ಮೇಲೆ ಕೂರುತ್ತ. "ಅಪ್ಪನ ಹೊಲ ಗಂಡಮಕ್ಕಳಿಗೆ, ಅಪ್ಪನ ಜಡ್ಡು ಹೆಣ್ಣಮಕ್ಕಳಿಗೆ. ಯಾರು ಮಾಡ್ಯಾರ ಈ ಪಾಲು?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಅಪ್ಪ ಮಾತ್ರ ದಾಳಿಂಬೆ ಬಿಡಿಸುತ್ತಿದ್ದವನು ತಲೆ ಎತ್ತಲಿಲ್ಲ. ಆವತ್ತಿನಿಂದ ಅವನು ತನ್ನ ಸ್ಪ್ರಿಂಗಿನ ಬಗ್ಗೆ ಮಾತಾಡುವುದನ್ನೇ ಬಿಟ್ಟ. ಮಿರ್ಚಿ ಬಜ್ಜಿ ಬಿಟ್ಟ, ಶೇಂಗಾ ಹಿಂಡಿ ಬಿಟ್ಟ. ನಾನು ತಿನ್ನದ್ದನ್ನು ತಾನು ತಿನ್ನುವುದಿಲ್ಲ ಎಂದು ಹಟ ಹಿಡಿದ. ಒಮ್ಮೆ ನನ್ನ ಗುಳಿಗೆಗಳನ್ನು ಬೆಳಕಿಗೆ ಹಿಡಿದು ನೋಡುತ್ತ, ಯಾರಿಗೂ ಅಲ್ಲದ ಹಾಗೆ, "ನನ್ನ ರಕ್ತ ಕೆಟ್ಟದ್ದು" ಎಂದ.

ಕೆಲವು ತಿಂಗಳು ಸರಿಯಿದ್ದೆ. ಆಮೇಲೆ ಮೆಟ್ಟಿಲ ಮೇಲೆ ದವಡೆ ಮತ್ತೆ ಭಾರವಾಯಿತು.

ಈ ಸಲ ನನಗೆ ಅದರ ಗುರುತು ಚೆನ್ನಾಗಿ ಗೊತ್ತಿತ್ತು. ಆದರೆ ನನಗೆ ಗೊತ್ತಿರುವುದು ಬೇರೆ, ಇನ್ನೊಬ್ಬರನ್ನು ನಂಬಿಸುವುದು ಬೇರೆ. ರಾಯಚೂರಿನ ಅದೇ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಎರಡು ಸಲ ಹೋಗಿ ಕೂತೆ. ಎರಡು ಸಲವೂ ಬೇರೆ ಬೇರೆ ವೈದ್ಯರು, ಎರಡು ಸಲವೂ ಒಂದೇ ಮಾತು: ಸ್ಟೆಂಟು ಹೊಸದಿದೆ, ಇಷ್ಟು ಬೇಗ ಮುಚ್ಚುವುದಿಲ್ಲ, ಗಾಬರಿಯಾಗಬೇಡಿ. ಒಬ್ಬರು ನಿದ್ದೆಯ ಗುಳಿಗೆ ಬರೆದರು. ಮನೆಯಲ್ಲಿಯೂ ಅಳತೆಗೋಲು ಅಪ್ಪನೇ. "ಅವರದು ಇಷ್ಟ ವರ್ಷಾತು, ಏನಾಗೇತಿ? ನಿಂದರ ಯಾಕ ಆಗ್ತೈತಿ?" ಎಂದಳು ಅವ್ವ. ನಾನು ಗಾಬರಿಯಾಗಿರಲಿಲ್ಲ, ರೋಸಿಹೋಗಿದ್ದೆ. ಅವೆರಡೂ ಹೊರಗಿನಿಂದ ಒಂದೇ ಥರ ಕಾಣುತ್ತವೆ ಎಂಬುದು ಆಗ ತಿಳಿಯಿತು. ದನಿ ಎತ್ತಿದರೆ 'ನೋಡ್ರೀ, ಇದೇ ಟೆನ್ಷನ್ನು' ಅನ್ನುತ್ತಾರೆ. ಸುಮ್ಮನೆ ಹೇಳಿದರೆ 'ಅಷ್ಟೇನೂ ನೋವಿದ್ದಂತಿಲ್ಲ' ಅನ್ನುತ್ತಾರೆ. ನೋವನ್ನು ಯಾವ ದನಿಯಲ್ಲಿ ಹೇಳಬೇಕು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಮೂರನೆಯ ಸಲ ಬೇರೆ ಆಸ್ಪತ್ರೆಗೆ ಹೋದೆವು. ಅಲ್ಲಿನ ವೈದ್ಯರು ವಯಸ್ಸಾದವರು, ದಣಿದಿದ್ದರು. ಪೂರ್ತಿ ಕೇಳಿದರು, ನಡುವೆ ಮಾತಾಡಲಿಲ್ಲ. ಮರುದಿನವೇ ಆಂಜಿಯೋಗ್ರಾಂ ಮಾಡಿದರು. ಮುಗಿದ ಮೇಲೆ ನಮ್ಮ ಮೂವರನ್ನೂ ಕೋಣೆಗೆ ಕರೆದು ಪರದೆಯ ಮೇಲೆ ಚಿತ್ರ ತೋರಿಸಿದರು.

"ಸ್ಟೆಂಟಿನ ಒಳಗೆ ಮತ್ತೆ ಬೆಳೆದುಕೊಂಡಿದೆ. ನೀವು ಹೇಳಿದ್ದು ಸರಿ," ಎಂದರು ನನಗೆ.

ರೋಗ ಇದ್ದಲ್ಲೇ ಇತ್ತು, ಆದರೂ ಒಂದು ಕ್ಷಣ ಹಗುರವೆನಿಸಿತು. ಕೆಟ್ಟ ಸುದ್ದಿ ಕೇಳಿ ಸಮಾಧಾನವಾಗುವುದು ಎಂಥ ಸ್ಥಿತಿ ಎಂದು, ಇದನ್ನು ಓದುತ್ತಿರುವವರಲ್ಲಿ ಕೆಲವರಿಗಾದರೂ ಗೊತ್ತಿರುತ್ತದೆ.

ಅವರು ಪೆನ್ನಿನ ತುದಿಯಿಂದ ನಾಳ ಶುರುವಾಗುವ ಜಾಗವನ್ನು ತೋರಿಸಿದರು. "ಇದು ನನಗೆ ಅರ್ಥವಾಗುತ್ತಿಲ್ಲ. ಉಳಿದ ನಾಳಗಳೆಲ್ಲ ನಿಮ್ಮ ವಯಸ್ಸಿನವೇ, ನುಣುಪಾಗಿವೆ. ಈ ಬಾಯಿ ಮಾತ್ರ ಮುದುಕರದು, ಗಟ್ಟಿಯಾಗಿಬಿಟ್ಟಿದೆ."

"ಅಂದ್ರ ತೂಬಿನ ಬಾಯಾಗ ಹೂಳು ತುಂಬೇತಿ. ಮುಂದ ಕಾಲುವಿ ಛಲೋನ ಐತಿ," ಎಂದ ಅಪ್ಪ.

"ಹಾಗೆಯೇ. ತಂದೆಯಿಂದ ಬಂದದ್ದಾದರೆ ಕಾಲುವೆಯ ಉದ್ದಕ್ಕೂ ಇರಬೇಕಿತ್ತು." ವೈದ್ಯರು ನನ್ನ ಕಡೆ ತಿರುಗಿದರು. "ಎದೆಗೆ ಯಾವಾಗಲಾದರೂ ಕರೆಂಟ್ ಕೊಟ್ಟಿದ್ದರೇ?"

"ಕೊಟ್ಟಿದ್ದರು. ಹದಿನಾಲ್ಕನೆಯ ವಯಸ್ಸಿನಲ್ಲಿ. ಕ್ಯಾನ್ಸರಿಗೆ."

"ಮೊದಲೇ ಯಾಕೆ ಹೇಳಲಿಲ್ಲಮ್ಮ?"

"ಸಿಂಧನೂರಿನಲ್ಲಿ ಹೇಳಿದ್ದೆ. ಹಳೇದು ಬಿಡು ಅಂದರು," ಎಂದೆ. ನನ್ನ ದನಿ ಅಂದುಕೊಂಡದ್ದಕ್ಕಿಂತ ಜೋರಾಗಿತ್ತು.

ಅವರು ಪೆನ್ನು ಕೆಳಗಿಟ್ಟರು. ಆಮೇಲೆ ನಿಧಾನವಾಗಿ ವಿವರಿಸಿದರು. ಕರೆಂಟು ಬಿದ್ದ ನಾಳ ವರ್ಷಗಳ ಮೇಲೆ ಹೀಗಾಗಬಹುದು, ಅಂಥ ನಾಳಕ್ಕೆ ಹಾಕಿದ ಸ್ಟೆಂಟು ಬೇಗ ಮುಚ್ಚಲೂಬಹುದು. ಬೈಪಾಸ್ ಮಾಡಿಸಲು ಬರೆಯಬೇಕೆಂದಿದ್ದರಂತೆ. ಆದರೆ ಅದಕ್ಕೆ ಬೇಕಾಗುವ ಒಳ್ಳೆಯ ನಾಳವನ್ನು ಎದೆಗೂಡಿನ ಒಳಗಿನಿಂದಲೇ ತೆಗೆಯುತ್ತಾರೆ. ಅದರ ಮೇಲೂ ಕರೆಂಟು ಬಿದ್ದಿದ್ದರೆ ಅದೂ ಕೆಟ್ಟಿರಬಹುದು, ಕೊಯ್ದ ಗಾಯ ಮಾಯುವುದೂ ಕಷ್ಟ. "ಎಲ್ಲಿಂದ ಎಲ್ಲಿಗೆ ಕೊಟ್ಟರು, ಯಾವ ಔಷಧಿ ಏರಿಸಿದರು, ರೋಗದ ಪೂರ್ತಿ ಹೆಸರೇನು, ನನಗೆ ಬೇಕು. ಹಳೆಯ ಫೈಲು ತರಿಸಿ."

ಹೈದರಾಬಾದಿಗೆ ಫೋನು ಮಾಡಿದೆ. ಅಷ್ಟು ಹಳೆಯದು ತಮ್ಮಲ್ಲಿ ಉಳಿದಿಲ್ಲ ಎಂದರು. ಹೊರಗಿನ ಬೆಂಚಿನ ಮೇಲೆ ಕೂತು ಅವ್ವನನ್ನು ಕೇಳಿದೆ: "ಫೈಲ್ ಎಲ್ಲೈತಿ?"

"ಇಲ್ಲ."

"ಇಲ್ಲಂದ್ರ?"

"ಕಾಲುವ್ಯಾಗ ಬಿಟ್ಟೀನಿ. ಆರಾಮಾಗಿ ಬಂದ ವರ್ಷನ. ಅರಿವ್ಯಾಗ ಕಟ್ಟಿ, ಅರಿಷಿಣ ಕುಂಕುಮ ಹಚ್ಚಿ ಬಿಟ್ಟೆ."

ಎದುರಿನ ಟಿವಿಯಲ್ಲಿ ಯಾವುದೋ ಧಾರಾವಾಹಿ ದನಿಯಿಲ್ಲದೆ ಓಡುತ್ತಿತ್ತು.

"ಹಂಗಾರ ನೀನ ಹೇಳು," ಎಂದೆ. "ಅಪ್ಪ ಹಟ್ಟ್ಯಾಗ ಶಿಫ್ಟಿನ ಮ್ಯಾಲ ಇದ್ದ. ನನ್ನ ಜೋಡಿ ಇದ್ದಾಕಿ ನೀ ಒಬ್ಬಾಕಿನ. ನಿನಗ ಎಲ್ಲಾ ಗೊತ್ತೈತಿ."

ಅವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ನಾ ಹೇಳಂಗಿಲ್ಲ."

"ಇನ್ನೂ ಯಾರಿಗೆ ಮುಚ್ಚಿಡಬೇಕು? ಯಾವ ಗಂಡಿನ ಕಡೆಯವ್ರು ಕುಂತಾರ ಇಲ್ಲಿ?"

"ಗಂಡು ಸುಡ್ಲಿ," ಎಂದಳು ಅವ್ವ. ಮೊದಲ ಸಲ ನನ್ನ ಮುಖ ನೋಡಿದಳು. "ನಿನ್ನ ಕರೆಂಟಿನ ಖೋಲಿ ಮುಂದ ಕುಂತು ಗುಡ್ಡದ ಮಲ್ಲಯ್ಯಗ ಬೇಡ್ಕೊಂಡಿದ್ದೆ. ಹುಡುಗೀನ್ನ ತಿರುಗಿ ಕೊಡು, ಈ ಜಡ್ಡಿನ ಹೆಸರು ಸಾಯೂತನ ನಾಲಗಿ ಮ್ಯಾಲ ತರಂಗಿಲ್ಲ, ಇದರ ಸುದ್ದಿ ಎತ್ತಂಗಿಲ್ಲ ಅಂತ. ಹರಕಿಗೆ ಮಂದಿ ಬದನಿಕಾಯಿ ತಿನ್ನೂದು ಬಿಡ್ತಾರ, ಬೆಲ್ಲ ಬಿಡ್ತಾರ. ನನಗ ಅದೆಲ್ಲ ಸಸಾರ ಅನ್ನಿಸ್ತು. ನಾ ಮಾತು ಬಿಟ್ಟೆ. ಅಂವ ನಿನ್ನ ಕೊಟ್ಟ."

ಕಥೆಗಳಲ್ಲಾದರೆ ಇಂಥ ಜಾಗದಲ್ಲಿ ಮಗಳು ತಾಯಿಯನ್ನು ಅಪ್ಪಿಕೊಳ್ಳಬೇಕು. ನನಗೆ ಬಂದದ್ದು ಸಿಟ್ಟು. ನನ್ನ ಮೈಮೇಲೆ ನಡೆದದ್ದನ್ನೆಲ್ಲ ನನ್ನನ್ನು ಕೇಳದೆ ಒಬ್ಬ ದೇವರಿಗೆ ಬರೆದುಕೊಟ್ಟುಬಿಟ್ಟಿದ್ದಳು. ನಾನು ಅದಕ್ಕಾಗಿ ವರ್ಷಗಟ್ಟಲೆ ಬೇರೆ ಕಾರಣ ಹುಡುಕಿ, ಆ ಕಾರಣಕ್ಕೆ ಅವಳನ್ನು ಮನಸ್ಸಿನಲ್ಲಿ ಬೈದುಕೊಂಡಿದ್ದೆ. ಆ ಸಿಟ್ಟು ಕೂಡ ವ್ಯರ್ಥವಾಗಿತ್ತು.

"ಹೇಳಿದ್ರ ಅದು ಮತ್ತ ಬಂದ್ರ ಏನ್ ಮಾಡ್ಲಿ?" ಎಂದಳು ಅವ್ವ.

"ಹೇಳದಿದ್ರ ಇವರು ಎಲ್ಲಿ ಕೊಯ್ತಾರ ಅನ್ನೂದು ಮಲ್ಲಯ್ಯಗೂ ಗೊತ್ತಿರಂಗಿಲ್ಲ."

ಅವಳು ಕದಲಲಿಲ್ಲ. ನಾನು ಇನ್ನೂ ಏನೇನೋ ಹೇಳಿದೆ. ಎಲ್ಲವೂ ಸರಿಯಾದ ಮಾತುಗಳೇ, ಯಾವುದೂ ಅವಳನ್ನು ಮುಟ್ಟಲಿಲ್ಲ. ಆಚೆ ತುದಿಯಲ್ಲಿ ಕೂತಿದ್ದ ಅಪ್ಪ ನಮ್ಮ ಕಡೆ ಸರಿದ. ಅವನು ಅವ್ವನನ್ನು ಕೇಳಿದ, ಮೆಲ್ಲಗೆ, ಮಕ್ಕಳು ಕೇಳುವ ಹಾಗೆ:

"ಅಂದ್ರ ಇದು ನನ್ನಿಂದ ಬಂದಿದ್ದಲ್ಲೇನು?"

ಅವ್ವ ಅವನನ್ನು ನೋಡಿದಳು. ಬಜ್ಜಿ ಬಿಟ್ಟದ್ದು, ದಾಳಿಂಬೆ ಬಿಡಿಸಿದ್ದು, ಬಾಯಿ ಮುಚ್ಚಿಕೊಂಡದ್ದು ಎಲ್ಲ ಅವಳಿಗೆ ಆಗ ಒಟ್ಟಿಗೆ ಕಂಡಿರಬೇಕು. ಸೆರಗು ಬಿಟ್ಟಳು, ಎದ್ದಳು, ಯಾರನ್ನೂ ಕೇಳದೆ ವೈದ್ಯರ ಕೋಣೆಯ ಬಾಗಿಲು ತಳ್ಳಿದಳು. ಒಳಗೆ ಇನ್ನೊಬ್ಬ ರೋಗಿ ಇದ್ದರು. ಅವರು ಹೋಗುವವರೆಗೆ ಗೋಡೆಗೆ ಒರಗಿ ನಿಂತೇ ಇದ್ದಳು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಇಲ್ಲಿಂದ," ಎಂದು ತನ್ನ ಕಿವಿಯ ಕೆಳಗೆ ಬೆರಳಿಟ್ಟಳು. "ಇಲ್ಲಿತನ," ಎಂದು ಎದೆಗೂಡು ಮುಗಿಯುವಲ್ಲಿಗೆ ತಂದಳು. "ಬಗಲಿಗೂ ಬೀಳ್ತಿತ್ತು. ಮುಂದಿಂದ ಕೊಡ್ತಿದ್ರು, ಹಿಂದಿಂದನೂ ಕೊಡ್ತಿದ್ರು. ಪುಪ್ಪುಸಕ್ಕ ಬೀಳಬಾರದಂತ ಸೀಸದ ತುಂಡು ಅಡ್ಡ ಇಡ್ತಿದ್ರು, ಎಡಕ್ಕೊಂದು, ಬಲಕ್ಕೊಂದು. ನಡುವ ಏನೂ ಇಡ್ತಿರಲಿಲ್ರೀ."

ವೈದ್ಯರು ಒಂದು ಹಾಳೆಯ ಮೇಲೆ ಎದೆಯ ಆಕಾರ ಬರೆದು ಗೆರೆ ಎಳೆದರು. ಅವ್ವ ಬಗ್ಗಿ ನೋಡಿ, "ಅಲ್ರೀ, ಇನ್ನೂ ಕೆಳಗ," ಎಂದು ತಿದ್ದಿದಳು. "ನೇರಳೆ ಮಸಿಲೆ ಗೆರಿ ಹಾಕ್ತಿದ್ರು. ನೀರು ತಾಗಬಾರದು ಅಂದಿದ್ರು. ಗೆರಿ ಬಿಟ್ಟು ಸುತ್ತ ಹಸಿ ಬಟ್ಟಿಲೆ ನಾನ ಮೈ ಒರಸ್ತಿದ್ದೆ. ಅದಕ್ಕ ಮರತಿಲ್ಲ."

"ಔಷಧಿ?"

"ಕೆಂಪುದೊಂದಿತ್ರೀ. ಅದನ್ನ ಏರಿಸಿದ ದಿನ ಒಂದಕ್ಕ ಹೋದ್ರೂ ಕೆಂಪಗ ಹೋಗ್ತಿತ್ತು." ಉಳಿದವುಗಳ ಹೆಸರನ್ನೂ ಒಂದೊಂದಾಗಿ ಹೇಳಿದಳು. ಏಳನೆಯ ತರಗತಿಗೆ ಶಾಲೆ ಬಿಟ್ಟವಳು. ಎಲ್ಲೂ ತಡವರಿಸಲಿಲ್ಲ.

"ರೋಗದ ಹೆಸರು ಹೇಳಿದ್ದರೇನಮ್ಮ?"

ಅವ್ವ ಕಣ್ಣು ಮುಚ್ಚಿಕೊಂಡಳು.

"ಹಾಡ್ಕಿನ್ಸ್ ಲಿಂಫೋಮಾ," ಎಂದಳು. "ಎರಡನೇ ಸ್ಟೇಜು. ಕ್ಯಾನ್ಸರ್."

ನನ್ನ ರೋಗದ ಹೆಸರನ್ನು ನಾನು ಮೊದಲ ಬಾರಿಗೆ ಕೇಳಿದ್ದು ಹಾಗೆ, ಅವ್ವನ ಬಾಯಿಂದ, ಒಂದು ಅಕ್ಷರವೂ ತಪ್ಪಿಲ್ಲದೆ. ಅಷ್ಟು ವರ್ಷ ಅದನ್ನು ಒಳಗೆ ಇಟ್ಟುಕೊಂಡೇ ಇದ್ದಳು. ಬಿಟ್ಟದ್ದು ನಾಲಿಗೆ ಮಾತ್ರ.

ವೈದ್ಯರು ಬೈಪಾಸಿನ ವಿಚಾರವನ್ನು ಬದಿಗಿಟ್ಟರು. ಔಷಧಿ ಲೇಪಿಸಿದ ಬಲೂನಿನಿಂದ ಸ್ಟೆಂಟಿನ ಒಳಗನ್ನು ಮತ್ತೆ ಅಗಲ ಮಾಡಿದರು. ಎದೆಯ ನಾಳಗಳನ್ನು ಬೇರೆಯಾಗಿ ಸ್ಕ್ಯಾನ್ ಮಾಡಿ ನೋಡೋಣ, ಕವಾಟಗಳನ್ನೂ ಪ್ರತಿವರ್ಷ ನೋಡಬೇಕು, ಆ ಕೆಂಪು ಔಷಧಿಯೂ ಹೃದಯಕ್ಕೆ ಒಳ್ಳೆಯದಲ್ಲ ಎಂದರು. "ಮತ್ತೆ ಮುಚ್ಚುವುದಿಲ್ಲ ಎಂದು ನಾನು ಹೇಳಲಾರೆ. ದವಡೆ ಭಾರವಾದರೆ ಬನ್ನಿ. ಇಸಿಜಿ ಸರಿಯಿದೆ ಎಂದು ಯಾರಾದರೂ ಹೇಳಿದರೂ ಬನ್ನಿ." ಆ ಕೊನೆಯ ವಾಕ್ಯವನ್ನು ಬರೆದುಕೊಡಿ ಎಂದು ಕೇಳಿದೆ. ನಗದೆ ಬರೆದುಕೊಟ್ಟರು. ಅದು ನನ್ನ ಚೀಲದಲ್ಲಿ ಯಾವಾಗಲೂ ಇರುತ್ತದೆ. ಚಿಕ್ಕಂದಿನಲ್ಲಿ ಎದೆಗೆ ಕರೆಂಟ್ ಕೊಡಿಸಿಕೊಂಡವರು ನಿಮ್ಮಲ್ಲಿ ಯಾರಾದರೂ ಇದ್ದರೆ, ಒಂದು ಸಲ ಹೇಳಿದ್ದು ಸಾಲುವುದಿಲ್ಲ ಎಂಬುದನ್ನು ಮಾತ್ರ ನನ್ನಿಂದ ತಿಳಿದುಕೊಳ್ಳಿ.

ಮನೆಗೆ ಬಂದ ಸಂಜೆ ಅಪ್ಪ ತಾನೇ ಹೋಗಿ ಒಂದು ಪೊಟ್ಟಣ ಮಿರ್ಚಿ ತಂದ. ಅವ್ವ ಉಣ್ಣಲಿಲ್ಲ.

"ತಪ್ಪುಕಾಣಿಕಿ ಹಾಕೂತನ ಈ ನಾಲಗಿಗೆ ಅನ್ನ ಮುಟ್ಟಸಂಗಿಲ್ಲ," ಎಂದಳು.

ನನಗೆ ತಾಳ್ಮೆ ಉಳಿದಿರಲಿಲ್ಲ. "ಹೆಸರು ಹೇಳಿದ್ದಕ್ಕ ಜಡ್ಡು ಬರೂದಾಗಿದ್ರ ದವಾಖಾನ್ಯಾಗ ಒಬ್ಬ ಡಾಕ್ಟರೂ ಉಳೀತಿರಲಿಲ್ಲ ಬೇ."

ಅಪ್ಪ ನಕ್ಕ. ಬಹಳ ದಿನಗಳ ಮೇಲೆ ಗಟ್ಟಿಯಾಗಿ ನಕ್ಕ. ಅವ್ವನಿಗೆ ನಗು ಬರಲಿಲ್ಲ.

"ನೀ ಕಲತಾಕಿ," ಎಂದಳು. "ನಾ ಮಾತು ಕೊಟ್ಟಾಕಿ."

ಮರುದಿನ ಬೆಳಿಗ್ಗೆ ಅವಳು ತಲೆಗೆ ಎರೆದುಕೊಂಡು ಕಾಯಿ, ಕರ್ಪೂರ ಕಟ್ಟಿಕೊಂಡಾಗ ನಾನೂ ಎದ್ದು ಹೊರಟೆ. ಅವಳು ಬೇಡ ಅನ್ನಲಿಲ್ಲ, ಬಾ ಅಂತಲೂ ಅನ್ನಲಿಲ್ಲ. ಮಲ್ಲಯ್ಯನ ಗುಡ್ಡದ ಬುಡದ ತನಕ ಆಟೋದಲ್ಲಿ ಹೋದೆವು. ಮೆಟ್ಟಿಲು ಹತ್ತಲು ನನಗೆ ಇನ್ನೂ ಅಪ್ಪಣೆಯಿಲ್ಲ. ಅವ್ವ ಚಪ್ಪಲಿ ಬಿಟ್ಟು, ಒಂದು ಮೆಟ್ಟಿಲು ಹತ್ತಿ, ನಿಂತು ಕೇಳಿದಳು: "ಏನಂತ ಹೇಳ್ಲಿ ಅಂವಗ?"

"ಮಗಳು ಕೇಳಿದ್ಲು, ಅದಕ್ಕ ಹೇಳಿದೆ ಅಂತ ಹೇಳು."

ಅವಳು ಹೋದಳು. ನಾನು ಅವಳ ಚಪ್ಪಲಿಗಳನ್ನು ಪಕ್ಕಕ್ಕಿಟ್ಟುಕೊಂಡು ಕೆಳಗಿನ ಮೆಟ್ಟಿಲ ಮೇಲೆ ಕೂತೆ. ಕಾಯಿ ಮಾರುವ ಹೆಂಗಸು ಸ್ವಲ್ಪ ಹೊತ್ತು ನನ್ನನ್ನು ನೋಡಿದಳು.

"ಯಾಕವ್ವಾ, ನೀ ಏರಂಗಿಲ್ಲೇನು?"

"ಎದಿಗೆ ಸ್ಪ್ರಿಂಗ್ ಹಾಕ್ಯಾರ್ರೀ."

"ಇಷ್ಟ ಸಣ್ಣ ವಯಸ್ಸಿಗೆ? ಮನ್ಯಾಗ ಯಾರಿಗರ ಐತೇನು?"

"ಅಪ್ಪಗೈತಿ. ಆದರ ನಂದು ಅದಲ್ಲ," ಎಂದೆ. "ಸಣ್ಣಾಕಿದ್ದಾಗ ನನಗ ಕ್ಯಾನ್ಸರ್ ಆಗಿತ್ತು. ಎದಿಗೆ ಕರೆಂಟ್ ಕೊಟ್ಟಿದ್ರು. ಅದರಿಂದ ಆಗೇತಿ."

ಮಸ್ಕಿಯಲ್ಲಿ ಆ ಮಾತನ್ನು ನಾನು ಅದೇ ಮೊದಲು ಆಡಿದ್ದು. ಅವಳು "ಹಂಗೇನು" ಎಂದಳು. ತನ್ನ ಬುಟ್ಟಿಯನ್ನು ಒಂದು ಮಾರು ಸರಿಸಿ, ಕೊಡೆಯ ನೆರಳಿನಲ್ಲಿ ಜಾಗ ಮಾಡಿಕೊಟ್ಟಳು. ಅವ್ವ ಇಳಿದು ಬರುವ ತನಕ ನಾನು ಅಲ್ಲಿಯೇ ಕೂತಿದ್ದೆ.